ಗತಿಸಿದ ಕಲಾವಿದರೂ ಇಂದಿನ ರೋಗನಿದಾನವೂ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಿದ್ಯಾರ್ಥಿಗಳಿಗೆ ಮಸ್ಕಿಯ ಅಶೋಕಶಾಸನ ಅಪರಿಚಿತವಲ್ಲ. 1915ರಲ್ಲಿ ಅದನ್ನು ಬೆಳಕಿಗೆ ತಂದವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಅದಕ್ಕೆ ಮುನ್ನ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದುವು. ಅವು ಅಶೋಕನವೆಂಬ ವಿದ್ವಾಂಸರ ಊಹೆಯು ಈ ಬಂಡೆಯಲ್ಲಿ ಅವನ ಹೆಸರೇ ಕಂಡಾಗ ದೃಢಪಟ್ಟಿತು. ಊಹೆ ಬೇರೆ, ನಿರ್ಣಯ ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಗತಿಸಿದ ಕಲಾವಿದರಿಗೆ ಇಂದಿನ ವೈದ್ಯಶಾಸ್ತ್ರದ ಹೆಸರುಗಳನ್ನು ಹಚ್ಚುವ ಲೇಖನಗಳಿಗೂ ಈ ವಿವೇಕ ಅನ್ವಯಿಸುತ್ತದೆ. ಮೈಕೆಲೇಂಜೆಲೊವಿನ ಏಕಾಂತಪ್ರಿಯತೆ ಮತ್ತು ಹಟದ ನಡೆಗಳನ್ನು ನೋಡಿ, ಅವನಿಗೆ ಆಟಿಸಂ ಇದ್ದಿರಬಹುದೆಂದು ಅರ್ಷದ್ ಮತ್ತು ಫಿಟ್ಜ್‌ಜೆರಾಲ್ಡ್ 2004ರಲ್ಲಿ ಬರೆದರು. ಕೆಲಸಗಳನ್ನು ಮುಗಿಸದೆ ಬಿಡುತ್ತಿದ್ದ ಲಿಯೊನಾರ್ಡೊ ಡ ವಿಂಚಿಗೆ ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ ಇದ್ದಿರಬಹುದೆಂದು ಕಟಾನಿ ಮತ್ತು ಮಜ್ಜರೆಲ್ಲೊ 2019ರಲ್ಲಿ ವಾದಿಸಿದರು. ಇವು ಸ್ವಾರಸ್ಯಕರವಾದ ಊಹೆಗಳು. ಆದರೆ ಇಂಥ ನಿದಾನಕ್ಕೆ ಬಾಲ್ಯದ ನಡವಳಿಕೆ ತಿಳಿಯಬೇಕು, ತಾಯಿತಂದೆಯರನ್ನು ವಿಚಾರಿಸಬೇಕು, ವ್ಯಕ್ತಿಯನ್ನು ಕಣ್ಣಾರೆ ಕಾಣಬೇಕು. ಐದು ಶತಮಾನಗಳ ಹಿಂದಿನವರ ವಿಷಯದಲ್ಲಿ ಇದು ಸಾಧ್ಯವೆ?

ಕನ್ನಡನಾಡಿನ ಚಿತ್ರಕಲಾವಿದ ಕೆ. ವೆಂಕಟಪ್ಪನವರನ್ನೇ (1886–1965) ನೋಡಬಹುದು. ಮೈಸೂರು ಅರಮನೆಯ ಚಿತ್ರಕಾರರ ಮನೆತನದಲ್ಲಿ ಹುಟ್ಟಿದ ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅವಿವಾಹಿತರಾಗಿ, ಕಟ್ಟುನಿಟ್ಟಿನ ಏಕಾಂತದಲ್ಲಿ ಬಾಳಿದರು. ಈ ಲಕ್ಷಣಗಳನ್ನು ಪಟ್ಟಿಮಾಡಿ ರೋಗದ ಹೆಸರಿಡುವುದು ಸುಲಭ. ಅದೇ ಬಾಳನ್ನು ಕಲೆಯ ವ್ರತವೆಂದು ಓದುವುದೂ ಸಾಧ್ಯ. ಒಂದೇ ಲಕ್ಷಣಕ್ಕೆ ಎರಡು ಅರ್ಥಗಳಿರುವಾಗ ಒಂದನ್ನೇ ಸಿದ್ಧಾಂತವೆನ್ನುವುದು ಪಂಡಿತರಿಗೆ ತಕ್ಕುದಲ್ಲ.

ಹೋದವರಿಗೆ ಈ ಹೆಸರುಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇರುವುದು ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೆ. ಅಕ್ಷರ ಕೂಡಿಸಲಾಗದ, ಗೆಳೆಯರೊಡನೆ ಬೆರೆಯದ ಮಗುವನ್ನು ‘ದಡ್ಡ’ ಎಂದು ತಳ್ಳುವುದು ಒಂದು ತಪ್ಪು. ‘ಲಿಯೊನಾರ್ಡೊ ಕೂಡ ಹೀಗೆಯೇ ಇದ್ದ’ ಎಂದು ಸಮಾಧಾನಪಟ್ಟು ತಜ್ಞವೈದ್ಯರಲ್ಲಿಗೆ ಕರೆದೊಯ್ಯದಿರುವುದು ಇನ್ನೊಂದು. ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಒಳಗೊಂಡಿದೆ. ಆದುದರಿಂದ ಇಂಥ ಮಗುವಿಗೆ ದೊರೆಯುವ ನೆರವು ದಾನವಲ್ಲ, ಹಕ್ಕು.

ಕಂಡುದನ್ನು ಗುರುತಿಸಿ ತಿಳಿಸುವುದು ಶಿಕ್ಷಕರ ಕಾಯಕ, ಹೆಸರಿಡುವುದು ವೈದ್ಯರದು. ಮಗುವಿಗೆ ಮೊದಲು ಬೇಕಾದುದು ತನ್ನವನೆಂದು ಕಾಣುವ ಗುರುದೃಷ್ಟಿ. ಅದನ್ನು ಕೊಡಲು ಯಾವ ನಿದಾನಕ್ಕೂ ಕಾಯಬೇಕಾಗಿಲ್ಲ.