ಎಲೆ ಮುಳುಗುವ ಮುನ್ನ

ಜಿನನಾಥಪುರದ ಶಾಂತಿನಾಥ ಬಸದಿ, ಪಕ್ಕದ ಶ್ರವಣಬೆಳಗೊಳದ ಕಲ್ಯಾಣಿ ಕಂಡವರಿಗೆ ಮನೆಯಂಗಳದಲ್ಲೂ ಪುಟ್ಟ ಕೊಳವಿರಲಿ ಎನಿಸುವುದು ಸಹಜ. ಮಾಡಿಕೊಳ್ಳಿ. ಆದರೆ ಹೊಂಗೆಯ ನೆರಳಿದ್ದರೆ ಸ್ಕಿಮ್ಮರ್ ಬೇಕೇ ಬೇಕು. ತೇಲುವ ಎಲೆ ಮುಳುಗಿ ಕೊಳೆಯುವ ಮೊದಲೇ ಈ ಉಪಕರಣ ಪಂಪಿನ ಬಲದಿಂದ ಅದನ್ನು ತನ್ನ ಬುಟ್ಟಿಗೆ ಎಳೆದುಕೊಳ್ಳುತ್ತದೆ. ತಳದ ಕೆಸರನ್ನು ಮಾತ್ರ ತೆಗೆಯದು. ಬೇಸಿಗೆಯಲ್ಲಿ ನೀರು ಬೇಗ ಇಳಿಯುವ ನಮ್ಮ ಸೀಮೆಗೆ, ನೀರಿನೊಡನೆ ಏರಿಳಿಯುವ ತೇಲುವ ಬಗೆಯೇ ಒಳ್ಳೆಯದು. ಗೋಡೆಗೆ ಕೂರಿಸಿದ್ದು ನೀರು ತಗ್ಗಿದರೆ ಗಾಳಿ ಎಳೆಯುತ್ತದೆ, ಪಂಪು ಕೆಡಬಹುದು. ಗಾಳಿ ಕಸವನ್ನು ತಳ್ಳುವ ದಂಡೆಯಲ್ಲೇ ಸ್ಕಿಮ್ಮರ್ ಇಡಿ. ಮೀನುಮರಿ, ಗೊದಮೊಟ್ಟೆ ಇರುವ ದಿನಗಳಲ್ಲಿ ಸ್ಕಿಮ್ಮರಿನ ಪಂಪು ನಿಲ್ಲಿಸಿ, ಕೈಬಲೆಯಿಂದಲೇ ಎಲೆ ತೆಗೆಯಿರಿ. ಅಹಿಂಸೆ ಸಾರಿದ ನೆಲದಲ್ಲಿ ಅಷ್ಟು ಕಾಳಜಿ ಬೇಕು. ಎಲೆ ಉದುರುವ ಕಾಲದಲ್ಲಿ ಬುಟ್ಟಿಯನ್ನು ದಿನವೂ ಬರಿದು ಮಾಡಿ, ಆ ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿ.