ಚಾರ್ಟಿನ ಗೆರೆಗೆ ಎಫ್‌ಆರ್‌ಪಿ ಇಲ್ಲ

‘ಅಣ್ಣ, ಸಪೋರ್ಟ್‌ಗೆ ಬಂದದೆ, ತಗಬೌದಾ?’ ಅಂತ ಚಿನಕುರಳಿಯಲ್ಲಿ ಷೇರಿನ ಚಾರ್ಟು ತೆರೆದ ಮೊಬೈಲ್ ಮುಂದೆ ಹಿಡಿಯುವ ಹುಡುಗರಿಗೆ ನಾನು ಹೇಳುತ್ತಾ ಬಂದಿರುವ ಮಾತುಗಳಿವು.

1. ಸಪೋರ್ಟ್‌ಗೆ ಯಾರೂ ಜವಾಬ್ದಾರರಲ್ಲ. 2025-26ರ ಹಂಗಾಮಿನ ಕಬ್ಬಿಗೆ ಕೇಂದ್ರ ಗೊತ್ತುಮಾಡಿದ ಎಫ್‌ಆರ್‌ಪಿ, ಅಂದರೆ ನ್ಯಾಯಸಮ್ಮತ ಮತ್ತು ಲಾಭದಾಯಕ ದರ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ 9.5ಕ್ಕಿಂತ ಕೆಳಗಿಳಿದರೂ 329.05 ರೂಪಾಯಿಗೆ ಕಡಿಮೆ ಕೊಡುವಂತಿಲ್ಲ. ಕಾರ್ಖಾನೆಯವರು ಬಾಕಿ ಉಳಿಸಿಕೊಂಡು ಸತಾಯಿಸಬಹುದು, ದರ ಮಾತ್ರ ಕಾನೂನಿನದು. ಷೇರಿನ ಬೆಲೆಗೆ ಅಂಥ ಕಾನೂನಿಲ್ಲ. ಸಪೋರ್ಟ್ ಅನ್ನುವ ಬೆಲೆಗೆ ಹಿಂದೊಮ್ಮೆ ಕೊಳ್ಳುವವರು ಬಂದಿದ್ದರು, ಚಾರ್ಟು ಹೇಳುವುದು ಅಷ್ಟನ್ನೇ.

2. ಯಾವ ಎರಡು ತಗ್ಗು ಸೇರಿಸಿದರೂ ಗೆರೆಯೊಂದು ಬಂದೇ ಬರುತ್ತದೆ. ಮೂರನೇ ಸಲ ಬೆಲೆ ಅಲ್ಲಿಂದ ಪುಟಿದ ಮೇಲಷ್ಟೇ ನಾನು ಅದನ್ನು ಲೆಕ್ಕಕ್ಕೆ ಹಿಡಿಯುವುದು. ಚಾನೆಲ್ ಆಗಬೇಕಾದರೆ ಮೇಲಿನ ಗೆರೆ ಇದಕ್ಕೆ ಸಮಾನಾಂತರವಾಗಿ ಉಬ್ಬುಗಳನ್ನು ಮುಟ್ಟಬೇಕು. ಮುಟ್ಟಲಿ ಅಂತ ನೀವೇ ಓರೆ ಮಾಡತೊಡಗಿದಿರೋ, ಅಲ್ಲಿ ಚಾನೆಲ್ ಇಲ್ಲ. ಈ ಕೈಚಳಕವೇ ಬೇಡ ಅನ್ನುವವರಿಗೆ ರಿಚರ್ಡ್ ಡಾಂಚಿಯನ್ ಹೆಸರಿನ ಚಾನೆಲ್ ಇದೆ: ಕಳೆದ 20 ದಿನಗಳ ಗರಿಷ್ಠ ಬೆಲೆ ಮೇಲಿನ ಗೆರೆ, ಕನಿಷ್ಠ ಬೆಲೆ ಕೆಳಗಿನದು. ಅದರೊಳಗೆ ನಮ್ಮ ಆಸೆ ತೂರಿಸಲು ಜಾಗವಿಲ್ಲ.

3. ಮಧ್ಯಾಹ್ನ ಗೆರೆ ದಾಟಿದ ಬೆಲೆ ಮೂರೂವರೆಗೆ ವಾಪಸ್ ಒಳಗಿರಬಹುದು. ಮುಕ್ತಾಯದ ಬೆಲೆ ನೋಡಿ. ಗದ್ದೆ ಕೆಲಸ ಇರುವವರಿಗೆ ವಾರದ ಕ್ಯಾಂಡಲ್ ಇನ್ನೂ ವಾಸಿ. ಶನಿವಾರ ನೋಡಿದರೆ ಸಾಕು.

4. ಎಷ್ಟು ಕೊಳ್ಳಬೇಕು ಅನ್ನುವುದನ್ನು ಗೆರೆಯಿಂದ ಲೆಕ್ಕ ಹಾಕಿ. ನನ್ನ ಮಟ್ಟಿಗೆ ಸಪೋರ್ಟಿನ ದೊಡ್ಡ ಉಪಯೋಗ ಇದೇ. ಷೇರು 250ರಲ್ಲಿದೆ, ಸಪೋರ್ಟ್ 240, ಸ್ವಲ್ಪ ಸಡಿಲ ಬಿಟ್ಟು 236ಕ್ಕೆ ಹೊರಬರುತ್ತೀರಿ ಅನ್ನಿ. ಒಂದು ಷೇರಿಗೆ 14 ರೂಪಾಯಿ ನಷ್ಟ. ಈ ವ್ಯವಹಾರದಲ್ಲಿ 2,000 ರೂಪಾಯಿ ಹೋದರೂ ಮನೆಯ ಖರ್ಚಿಗೆ ತೊಂದರೆಯಿಲ್ಲವಾದರೆ 142 ಷೇರು, ಅಂದರೆ 35,500 ರೂಪಾಯಿ. ಖಾತೆಯಲ್ಲಿ ಲಕ್ಷವಿದ್ದರೂ ಅಷ್ಟೇ. ಸಪೋರ್ಟಿಗೆ ಬಂತು ಅಂತ ಕೇಳುವವರಲ್ಲಿ ಎಲ್ಲಿ ಬಿಡುತ್ತೀಯ ಅಂದರೆ ಉತ್ತರ ಇಟ್ಟುಕೊಂಡವರು ಕಡಿಮೆ.

5. ಮಾರುಕಟ್ಟೆ ಮುಚ್ಚಿದ್ದಾಗ ಬರುವ ಸುದ್ದಿಗೆ ಗೆರೆ ಅಡ್ಡ ನಿಲ್ಲುವುದಿಲ್ಲ. 2023ರ ಏಪ್ರಿಲ್ 13ರ ಗುರುವಾರ ಸಂಜೆ ಇನ್ಫೊಸಿಸ್ ತ್ರೈಮಾಸಿಕ ಫಲಿತಾಂಶ ಕೊಟ್ಟಿತು. ಶುಕ್ರವಾರ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿವಾರ, ಭಾನುವಾರ. 17ರ ಸೋಮವಾರ ಷೇರು ಬಹಳ ಕೆಳಗೇ ತೆರೆದು, ದಿನದ ಕೊನೆಗೆ ಶೇ 9ಕ್ಕಿಂತ ಹೆಚ್ಚು ಬಿದ್ದಿತ್ತು. ಇಂಥ ದಿನ, ಇಷ್ಟಕ್ಕಿಳಿದರೆ ಮಾರು ಅನ್ನುವ ಸ್ಟಾಪ್‌ಲಾಸ್ ಇದ್ದರೂ ಸಿಗುವುದು ನೀವು ಹೇಳಿದ ಬೆಲೆಯಲ್ಲ, ತೆರೆದಾಗಿನ ಬೆಲೆ. ಲಿಮಿಟ್ ಹಾಕಿದ ಸ್ಟಾಪ್‌ಲಾಸ್ ಆದರೆ ಮಾರಾಟವೇ ಆಗದೆ ಉಳಿಯಬಹುದು. ಫಲಿತಾಂಶದ ಹಿಂದಿನ ದಿನ ನಾನು ಅರ್ಧ ಇಳಿಸಿಬಿಡುತ್ತೇನೆ.

6. ಒಡೆದ ಸಪೋರ್ಟ್ ಮುಂದೆ ತಡೆಯಾಗುತ್ತದೆ. 240ಕ್ಕೆ ಕೊಂಡು 210ರಲ್ಲಿ ಸಿಕ್ಕಿಕೊಂಡವನು ‘ಅಸಲು ಬಂದ್ರೆ ಸಾಕಪ್ಪ’ ಅಂತ ಕಾಯುತ್ತಿರುತ್ತಾನೆ. ಬೆಲೆ ಮತ್ತೆ 240 ಮುಟ್ಟಿದಾಗ ಅಂಥವರೆಲ್ಲ ಮಾರುತ್ತಾರೆ.

7. ಕಬ್ಬು ಬೆಳೆಯುವವರಿಗೆ ಸಕ್ಕರೆ ಷೇರಿನ ಮೇಲೆ ಸಲಿಗೆ ಜಾಸ್ತಿ. ನಮ್ಮ ಪಾಂಡವಪುರ ಕಾರ್ಖಾನೆಯ ಹಣೆಬರಹ ಯಾವ ಚಾರ್ಟಿನಲ್ಲೂ ಇಲ್ಲ, ಅದು ಸಹಕಾರಿ ಸಂಸ್ಥೆ. ಷೇರುಪೇಟೆಯಲ್ಲಿರುವ ಸಕ್ಕರೆ ಕಂಪನಿಗಳ ಬೆಲೆ ಬರೀ ಬೆಳೆಯಿಂದ ನಡೆಯುವುದೂ ಇಲ್ಲ. 2023ರ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬಾರದೆಂದು ಕೇಂದ್ರ ಆದೇಶಿಸಿತು, ಸಕ್ಕರೆ ಷೇರುಗಳು ಕುಸಿದವು. ಹೆಚ್ಚುಕಡಿಮೆ ವಾರದಲ್ಲೇ 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ಅದನ್ನು ಸಡಿಲಿಸಿತು. ಎರಡನ್ನೂ ಯಾವ ಗೆರೆಯೂ ಮೊದಲೇ ಹೇಳಿರಲಿಲ್ಲ. ಈ ಷೇರುಗಳಲ್ಲಿ ನನ್ನ ಪಾಲು ಯಾವತ್ತೂ ಬೇರೆಯವಕ್ಕಿಂತ ಚಿಕ್ಕದು.

8. ಚಾರ್ಟು ಷೇರು ವಿಭಜನೆಗೆ ಸರಿಹೊಂದಿಸಿದ್ದಾ ನೋಡಿ. 2024ರ ಮೇನಲ್ಲಿ ಕೆನರಾ ಬ್ಯಾಂಕಿನ 10 ರೂಪಾಯಿ ಮುಖಬೆಲೆಯ ಷೇರು 2 ರೂಪಾಯಿಯ ಐದಾಯಿತು. ಸರಿಹೊಂದಿಸದ ಚಾರ್ಟಿನಲ್ಲಿ ಅದು ಎಲ್ಲ ಸಪೋರ್ಟನ್ನೂ ಒಡೆದ ಮಹಾಪತನದಂತೆ ಕಾಣುತ್ತದೆ. ಬೆಲೆ ಹಠಾತ್ತನೆ ಐದನೇ ಒಂದಾದರೆ ಗಾಬರಿಯಿಂದ ಮಾರಬೇಡಿ, ಮೊದಲು ನಿಮ್ಮ ಖಾತೆಯಲ್ಲಿ ಎಷ್ಟು ಷೇರು ಇದೆ ಅಂತ ಎಣಿಸಿ. ಹಳೆ ಬೆಲೆಗೆ ಹಾಕಿಟ್ಟ ಸ್ಟಾಪ್‌ಲಾಸ್ ಏನಾದರೂ ಉಳಿದಿದ್ದರೆ ತೆಗೆದುಹಾಕಿ.