ಏರುದಾರಿಗೆ ಎಂಥ ಬೈಸಿಕಲ್ಲು?

ಬೈಸಿಕಲ್ಲು ನಮಗೆ ಬಾಲ್ಯದಿಂದಲೇ ಪರಿಚಿತವಾದ ಯಂತ್ರ. ಆದರೂ ಅದನ್ನು ಕೊಳ್ಳುವ ಹೊತ್ತಿನಲ್ಲಿ ಅದೊಂದು ಯಂತ್ರವೆಂಬುದನ್ನು ನಾವು ಮರೆತುಬಿಡುತ್ತೇವೆ. ಬಣ್ಣವನ್ನು ನೋಡುತ್ತೇವೆ, ಕೊಳವೆಯ ಮೇಲಿನ ಹೆಸರನ್ನು ಓದುತ್ತೇವೆ, ಒಂದು ಕೈಯಿಂದ ಮೇಲೆತ್ತಿ ಹಗುರವಾಗಿದೆಯೆಂದು ಮೆಚ್ಚುತ್ತೇವೆ, ಗೇರುಗಳು ಎಷ್ಟೆಂದು ಕೇಳುತ್ತೇವೆ. ಅಲ್ಲಿಗೆ ಪರೀಕ್ಷೆ ಮುಗಿಯಿತು. ರೇಷ್ಮೆಗೂಡನ್ನು ಕೊಳ್ಳುವವನು ಸಹ ಗೂಡನ್ನು ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲುಗಿಸಿ ನೋಡಿದ ಮೇಲೆಯೇ ಬೆಲೆ ಹೇಳುತ್ತಾನೆ. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣದಿಂದ ಬೈಸಿಕಲ್ಲು ಕೊಳ್ಳುವ ವಿದ್ಯಾರ್ಥಿಯು ಅಷ್ಟು ಪರೀಕ್ಷೆಯನ್ನಾದರೂ ಮಾಡಬೇಡವೆ? ತಪ್ಪಾಗಿ ಆರಿಸಿದ ಬೈಸಿಕಲ್ಲು ಎರಡು ತಿಂಗಳಲ್ಲಿ ಹಜಾರದ ಮೂಲೆಯನ್ನು ಸೇರುತ್ತದೆ, ಹಣವು ಹಿಂದಿರುಗುವುದಿಲ್ಲ.

ನಮ್ಮ ವಿಚಾರಕ್ಕೆ ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಲ್ಲುಗುಡ್ಡಗಳು, ಅವುಗಳ ನಡುವೆ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮ. ನೀರು ಇಳಿದುಹೋಗುವ ಇಂಥ ನೆಲದಲ್ಲಿ ರಸ್ತೆಯು ಸಮತಟ್ಟಾಗಿರುವುದು ಅಪರೂಪ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಇಂಥ ಊರುಗಳ ಸಾವಿರಾರು ಮಕ್ಕಳು ಮೊದಲ ಬಾರಿಗೆ ಸ್ವಂತ ಬೈಸಿಕಲ್ಲನ್ನು ಪಡೆದರು. ಅದು ಒಂದೇ ಗೇರಿನ ಗಟ್ಟಿಯಾದ ಯಂತ್ರ. ಕಾಲೇಜಿಗೆ ಹೋಗುವ ದಿನ ಬಂದಾಗ ದಾರಿಯು ಉದ್ದವಾಗುತ್ತದೆ. ಆಗ ತೆಳುಗಾಲಿಯ, ಬಾಗಿದ ಹ್ಯಾಂಡಲ್ಲಿನ, ಅಂಗಡಿಯವರು ‘ರೋಡ್ ಬೈಕ್’ ಎಂದು ಕರೆಯುವ ಬೈಸಿಕಲ್ಲಿನ ಮೇಲೆ ಮನಸ್ಸು ಹೋಗುವುದು ಸಹಜ. ಮಿತವಾದ ಹಣದಲ್ಲಿ ಅದನ್ನು ಆರಿಸುವುದು ಹೇಗೆ? ಉತ್ತರವನ್ನು ಭೌತಶಾಸ್ತ್ರದಿಂದಲೇ ಪಡೆಯೋಣ.

ಏರಿನ ಲೆಕ್ಕ

ಸವಾರನ ತೂಕ 55 ಕಿಲೋಗ್ರಾಂ, ಬೈಸಿಕಲ್ಲು 12, ಪುಸ್ತಕದ ಚೀಲ 3. ಒಟ್ಟು 70 ಕಿಲೋಗ್ರಾಂ ಎಂದು ಭಾವಿಸೋಣ. ಇದನ್ನು ಭೂಮಿಯು ಸುಮಾರು 686 ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುತ್ತದೆ. ನೂರು ಮೀಟರು ಸಾಗಿದರೆ ಐದು ಮೀಟರು ಮೇಲೇರುವ ದಾರಿಯಲ್ಲಿ ಈ ಬಲದ ನೂರರಲ್ಲಿ ಐದು ಪಾಲು, ಎಂದರೆ 34 ನ್ಯೂಟನ್, ನಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಟೈರಿನ ಉರುಳು ಘರ್ಷಣೆಗೆ ಸುಮಾರು 4, ಗಾಳಿಯ ತಡೆಗೆ ಸುಮಾರು 2; ಎಲ್ಲವೂ ಸೇರಿ 40 ನ್ಯೂಟನ್.

ಆರೋಗ್ಯವಂತನಾದ ವಿದ್ಯಾರ್ಥಿಯು ಹೆಚ್ಚು ಏದುಸಿರು ಬಿಡದೆ 100 ವ್ಯಾಟ್ ಸಾಮರ್ಥ್ಯದಿಂದ ತುಳಿಯಬಲ್ಲನೆಂದಿಟ್ಟುಕೊಳ್ಳೋಣ. ಸಾಮರ್ಥ್ಯವನ್ನು ಬಲದಿಂದ ಭಾಗಿಸಿದರೆ ವೇಗವು ದೊರೆಯುತ್ತದೆ: 100ನ್ನು 40ರಿಂದ ಭಾಗಿಸಿದಾಗ ಸೆಕೆಂಡಿಗೆ 2.5 ಮೀಟರು, ಅಂದರೆ ಗಂಟೆಗೆ 9 ಕಿಲೋಮೀಟರು. ಯಾವ ಬೈಸಿಕಲ್ಲನ್ನು ಕೊಂಡರೂ ಈ ಏರಿನಲ್ಲಿ ನಮ್ಮ ವೇಗವು ಹೆಚ್ಚುಕಡಿಮೆ ಇಷ್ಟೇ.

ಹಾಗಾದರೆ ಹಗುರವಾದ ಬೈಸಿಕಲ್ಲಿನಿಂದ ಏನು ಲಾಭ? ಎರಡು ಕಿಲೋಗ್ರಾಂ ಕಡಿಮೆ ತೂಕದ ಬೈಸಿಕಲ್ಲನ್ನು ಕೊಂಡೆವೆನ್ನೋಣ. ಹಿಂದಕ್ಕೆ ಎಳೆಯುವ ಬಲವು 40 ನ್ಯೂಟನ್ನಿನಿಂದ ಸುಮಾರು 39ಕ್ಕೆ ಇಳಿಯುತ್ತದೆ. ಹತ್ತು ನಿಮಿಷದ ಏರಿನಲ್ಲಿ ಇದರಿಂದ ಉಳಿಯುವ ಕಾಲ ಕಾಲು ನಿಮಿಷ! ಓಟದ ಸ್ಪರ್ಧೆಯಲ್ಲಿ ಅಷ್ಟು ಹೊತ್ತು ಅಮೂಲ್ಯವಾದುದು. ವಿಜಯಪುರ, ಬಾಗಲಕೋಟೆಗಳ ಕಡೆಯ ಸ್ಪರ್ಧಾಳುಗಳು ಅದಕ್ಕಾಗಿ ಹಣ ತೆತ್ತರೆ ನ್ಯಾಯವಾದುದೇ. ಕಾಲೇಜಿನ ಗಂಟೆಗೆ ಸರಿಯಾಗಿ ತಲಪಬೇಕಾದವರು ಕಾಲು ನಿಮಿಷ ಮೊದಲು ಮನೆ ಬಿಟ್ಟರಾಯಿತು.

ಹಲ್ಲುಗಳನ್ನು ಎಣಿಸಿ ನೋಡಿ

ವೇಗವು ಒಂದೇ ಆದರೂ ಕಾಲಿಗೆ ಆಗುವ ಶ್ರಮವು ಒಂದೇ ಅಲ್ಲ. ಇಲ್ಲಿಯೇ ಗೇರಿನ ಮಹತ್ವವಿರುವುದು. ಪೆಡಲನ್ನು ಒಂದು ಸುತ್ತು ತಿರುಗಿಸಿದಾಗ ಬೈಸಿಕಲ್ಲು ಎಷ್ಟು ದೂರ ಸಾಗುತ್ತದೆಂಬುದನ್ನು ಹೀಗೆ ಕಂಡುಹಿಡಿಯಬಹುದು: ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿ, ಬಂದುದನ್ನು ಗಾಲಿಯ ಸುತ್ತಳತೆಯಿಂದ ಗುಣಿಸಬೇಕು.

ಸಾಮಾನ್ಯ ಬೈಸಿಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದು ಗಾಲಿಯ ಸುತ್ತಳತೆ 2.2 ಮೀಟರು ಆಗಿದ್ದರೆ, ಒಂದು ಸುತ್ತಿಗೆ 5.4 ಮೀಟರು. ನಮ್ಮ ಏರಿನಲ್ಲಿ ನಿಮಿಷಕ್ಕೆ 150 ಮೀಟರು ಸಾಗುವಾಗ ಪೆಡಲು ನಿಮಿಷಕ್ಕೆ 28 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ತುಳಿತಕ್ಕೂ ಸರಾಸರಿ 20 ಕಿಲೋಗ್ರಾಂ ಭಾರದಷ್ಟು ಒತ್ತಬೇಕಾಗುತ್ತದೆ. ಮಕ್ಕಳು ದಿಣ್ಣೆಯಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುವುದೂ, ಕಡೆಗೆ ಇಳಿದು ತಳ್ಳಿಕೊಂಡು ಹೋಗುವುದೂ ಇದಕ್ಕಾಗಿಯೇ. ಮುಂದೆ 34, ಹಿಂದೆ 32 ಹಲ್ಲುಗಳ ಜೋಡಿ ಇರುವ ರಸ್ತೆ ಬೈಸಿಕಲ್ಲಿನಲ್ಲಿ ಒಂದು ಸುತ್ತಿಗೆ ಸುಮಾರು 2.3 ಮೀಟರು. ಅದೇ ಏರು, ಅದೇ ವೇಗ. ಆದರೆ ನಿಮಿಷಕ್ಕೆ 66 ಸುತ್ತು, ಒತ್ತಬೇಕಾದುದು ಸುಮಾರು 9 ಕಿಲೋಗ್ರಾಂ ಭಾರದಷ್ಟು. ಮಾಡುವ ಕೆಲಸವು ಅಷ್ಟೇ. ಅದನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತೇವೆ, ಅಷ್ಟೇ ವ್ಯತ್ಯಾಸ. ಮೊಣಕಾಲಿಗೆ ಇದು ದೊಡ್ಡ ಉಪಕಾರ.

ಆದುದರಿಂದ ‘ಹದಿನಾರು ಗೇರು’ ಎಂಬ ಮಾತಿಗೆ ಮರುಳಾಗಬಾರದು. ಓಟಕ್ಕೆಂದು ಮಾಡಿದ ಬೈಸಿಕಲ್ಲಿನಲ್ಲಿ ಹದಿನಾರು ಗೇರುಗಳಿದ್ದೂ, ಅವುಗಳಲ್ಲಿ ಅತಿ ಸುಲಭವಾದುದು ಮುಂದೆ 39, ಹಿಂದೆ 25 ಹಲ್ಲುಗಳದಾಗಿರಬಹುದು. ಅದರಲ್ಲಿ ಒಂದು ಸುತ್ತಿಗೆ 3.3 ಮೀಟರು, ಒತ್ತಬೇಕಾದುದು ಸುಮಾರು 13 ಕಿಲೋಗ್ರಾಂ ಭಾರ. ಗೇರುಗಳ ಸಂಖ್ಯೆಗಿಂತ ಕೊನೆಯ ಗೇರಿನ ಹಲ್ಲುಗಳು ಮುಖ್ಯ. ಅಂಗಡಿಯಲ್ಲಿ ಬಾಗಿ ಕುಳಿತು ಎರಡು ಚಕ್ರಗಳ ಹಲ್ಲುಗಳನ್ನು ಎಣಿಸುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಮುಂದಿನ ಚಿಕ್ಕ ಚಕ್ರದ ಹಲ್ಲುಗಳೂ ಹಿಂದಿನ ದೊಡ್ಡ ಚಕ್ರದ ಹಲ್ಲುಗಳೂ ಹೆಚ್ಚುಕಡಿಮೆ ಸಮವಾಗಿದ್ದರೆ ಆ ಬೈಸಿಕಲ್ಲು ದಿಣ್ಣೆಯ ಊರಿಗೆ ತಕ್ಕುದು. ಸುಲಭದ ಗೇರನ್ನು ಬಳಸುವುದು ದುರ್ಬಲರ ಲಕ್ಷಣವೆಂದು ಹಿಂದೆ ಸ್ಪರ್ಧೆಗಳನ್ನು ನಡೆಸುವವರೂ ಭಾವಿಸಿದ್ದರು. ಫ್ರಾನ್ಸಿನ ಪ್ರಸಿದ್ಧವಾದ ‘ತೂರ್ ದ ಫ್ರಾನ್ಸ್’ ಸ್ಪರ್ಧೆಯಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನಕ್ಕೆ ಎಲ್ಲ ಸವಾರರಿಗೂ ಅನುಮತಿ ದೊರೆತದ್ದು 1937ರಲ್ಲಿ.

ಬಾಗಿದ ಹ್ಯಾಂಡಲ್ಲಿನ ಪ್ರಯೋಜನ

ಸಮತಟ್ಟಾದ ದಾರಿಯಲ್ಲಿ ನಮ್ಮ ಮುಖ್ಯ ಶತ್ರು ಗಾಳಿ. ಅದರ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ನೆಟ್ಟಗೆ ಕುಳಿತವನಿಗೆ ಒಟ್ಟು ಸುಮಾರು 130 ವ್ಯಾಟ್ ಬೇಕಾದರೆ, ಬಾಗಿದ ಹ್ಯಾಂಡಲ್ಲಿನ ಕೆಳಭಾಗವನ್ನು ಹಿಡಿದು ಮೈ ತಗ್ಗಿಸಿದವನಿಗೆ 95 ವ್ಯಾಟ್ ಸಾಕಾದೀತು. ರಸ್ತೆ ಬೈಸಿಕಲ್ಲಿನ ನಿಜವಾದ ಲಾಭವಿರುವುದು ಇಲ್ಲಿ, ತೂಕದಲ್ಲಿ ಅಲ್ಲ.

ಆದರೆ ಮೈ ತಗ್ಗಿಸಿ ಕುಳಿತುಕೊಳ್ಳಲು ಚೌಕಟ್ಟು ಅಳತೆಗೆ ಸರಿಯಾಗಿರಬೇಕು. ಇಲ್ಲವಾದರೆ ಬೆನ್ನು, ಕುತ್ತಿಗೆಗಳ ನೋವೇ ಉಳಿಯುವ ಫಲ. ಬರಿಗಾಲಿನಲ್ಲಿ ಗೋಡೆಗೆ ಬೆನ್ನಾನಿಸಿ ನಿಂತು, ತೊಡೆಗಳ ಸಂದಿಗೆ ಒಂದು ಪುಸ್ತಕವನ್ನು ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಬೇಕು. ಈ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರವು ಸ್ಥೂಲವಾಗಿ ತಿಳಿಯುತ್ತದೆ. ಅಳತೆ 80 ಸೆಂಟಿಮೀಟರು ಆದರೆ ಸೀಟಿನ ಎತ್ತರ ಸುಮಾರು 70½. ಮೇಲಿನ ಕೊಳವೆಯ ಇಕ್ಕೆಲದಲ್ಲಿ ಕಾಲೂರಿ ನಿಂತಾಗ ಮೈಗೂ ಕೊಳವೆಗೂ ಮೂರು ಸೆಂಟಿಮೀಟರಾದರೂ ತೆರವಿರಬೇಕು. ‘ಮುಂದೆ ಬೆಳೆಯುತ್ತಾನೆ’ ಎಂದು ಅಂಗಿ ಹೊಲಿಸುವಂತೆ ದೊಡ್ಡ ಬೈಸಿಕಲ್ಲು ಕೊಡಿಸುವುದು ಅಪಾಯಕರ.

ಟೈರು ಮತ್ತು ಬ್ರೇಕು

ಡನ್‌ಲಪ್ಪನು 1888ರಲ್ಲಿ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದಂದಿನಿಂದ ರಸ್ತೆಯ ಕುಲುಕಾಟವನ್ನು ಗಾಳಿಯೇ ನುಂಗುತ್ತಿದೆ. ಜಲ್ಲಿ ಎದ್ದ ರಸ್ತೆಯಲ್ಲಿ 23 ಮಿಲಿಮೀಟರು ಅಗಲದ ಟೈರಿಗಿಂತ 28ರಿಂದ 32 ಮಿಲಿಮೀಟರಿನ ಟೈರು ಮೇಲು. ಸುಗ್ಗಿಯ ಕಾಲದಲ್ಲಿ ಒಕ್ಕಣೆಗೆಂದು ರಾಗಿಯ ತೆನೆಯನ್ನು ರಸ್ತೆಯ ಮೇಲೆ ಹರಡಿರುವ ಕಡೆ ತೆಳು ಟೈರು ಜಾರುವುದು ಸುಲಭ. ಚೌಕಟ್ಟಿನ ಕವಲಿನಲ್ಲಿ ಅಗಲವಾದ ಟೈರಿಗೆ ಎಡೆಯಿದೆಯೇ ಎಂದು ಮೊದಲೇ ನೋಡಬೇಕು; ಟೈರನ್ನು ಬದಲಾಯಿಸಬಹುದು, ಕವಲನ್ನು ಬದಲಾಯಿಸಲಾಗದು.

ಇನ್ನೊಂದು ಸೂಕ್ಷ್ಮವಿದೆ. ನಮ್ಮ ಹಳೆಯ 28 ಅಂಗುಲದ ಬೈಸಿಕಲ್ಲಿನ ಟೈರು ರಿಮ್ಮಿನ ಮೇಲೆ ಕೂರುವ ವ್ಯಾಸ 635 ಮಿಲಿಮೀಟರು. ರಸ್ತೆ ಬೈಸಿಕಲ್ಲಿನದು 622. ನೋಟಕ್ಕೆ ಒಂದೇ ಆದರೂ ಒಂದರದು ಇನ್ನೊಂದಕ್ಕೆ ಕೂರದು. ಅದರ ಟ್ಯೂಬಿನ ಸಣ್ಣ ವಾಲ್ವಿಗೆ ಊರಿನ ಪಂಕ್ಚರ್ ಅಂಗಡಿಯ ಪಂಪು ಹಿಡಿಯದಿರಬಹುದು. ಆದುದರಿಂದ ಬೈಸಿಕಲ್ಲಿನ ಜೊತೆಗೆ ಬಿಡಿ ಟ್ಯೂಬನ್ನೂ ತಕ್ಕ ಪಂಪನ್ನೂ ಕೊಳ್ಳಲೇಬೇಕು.

ಏರಿದುದು ಇಳಿಯಬೇಕಲ್ಲವೆ? ಗಂಟೆಗೆ 36 ಕಿಲೋಮೀಟರು ವೇಗದಿಂದ ಇಳಿಯುವಾಗ ಒಳ್ಳೆಯ ಬ್ರೇಕು ವೇಗವನ್ನು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 5 ಮೀಟರಿನಂತೆ ಕುಗ್ಗಿಸಿದರೆ ಬೈಸಿಕಲ್ಲು 10 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಯಲ್ಲಿ ಹಿಡಿತವು ಅರ್ಧವಾದರೆ 20 ಮೀಟರು ಬೇಕು. ಹಸುವೊಂದು ಅಡ್ಡ ಬಂದಾಗ ಈ ಹತ್ತು ಮೀಟರಿನ ಅಂತರವೇ ಪ್ರಾಣದ ಪ್ರಶ್ನೆಯಾಗುತ್ತದೆ. ಹ್ಯಾಂಡಲ್ಲಿನ ಕೆಳಭಾಗವನ್ನು ಹಿಡಿದಾಗಲೂ ಬ್ರೇಕಿನ ಹಿಡಿಯು ಬೆರಳಿಗೆ ಎಟುಕಬೇಕು. ತಟ್ಟೆಯ ಬ್ರೇಕು ಮಳೆಯಲ್ಲಿ ಮೇಲಾದರೂ, ಅಗ್ಗದ ತಟ್ಟೆಯ ಬ್ರೇಕಿಗಿಂತ ಚೆನ್ನಾಗಿ ಮಾಡಿದ ರಿಮ್ ಬ್ರೇಕು ಎಷ್ಟೋ ವಾಸಿ.

ಹಣದ ಹಂಚಿಕೆ

ಕೈಯಲ್ಲಿ 25,000 ರೂಪಾಯಿ ಇದೆಯೆಂದುಕೊಳ್ಳೋಣ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಮೊದಲೇ ತೆಗೆದಿಡಬೇಕು. ಇದು ಹೆಲ್ಮೆಟ್ಟು, ದೀಪ, ಪಂಪು, ಟ್ಯೂಬುಗಳಿಗೆ. ಉಳಿದುದರಲ್ಲಿ ಆರಿಸುವ ಕ್ರಮ ಇದು: ಮೊದಲು ಅಳತೆ, ಬಳಿಕ ಕೊನೆಯ ಗೇರು, ಆಮೇಲೆ ಬ್ರೇಕು ಮತ್ತು ಟೈರು. ಇವೆಲ್ಲ ಸರಿಯಾಗಿದ್ದರೆ ಚೌಕಟ್ಟು ಉಕ್ಕಿನದಾದರೂ ಅಲ್ಯುಮಿನಿಯಮ್ಮಿನದಾದರೂ ಚಿಂತೆಯಿಲ್ಲ. ತೂಕಕ್ಕೂ ಹೆಸರಿಗೂ ಕೊಡುವ ಹಣ ಎಲ್ಲಕ್ಕಿಂತ ಕೊನೆಯದು.

ಒಬ್ಬರು ಬಳಸಿದ ಬೈಸಿಕಲ್ಲನ್ನು ಕೊಳ್ಳುವುದಾದರೆ ಒಂದು ಉಕ್ಕಿನ ಅಳತೆಪಟ್ಟಿಯನ್ನು ಒಯ್ಯಬೇಕು. ಹೊಸ ಚೈನಿನಲ್ಲಿ ಒಂದನೆಯ ಮೊಳೆಯಿಂದ ಇಪ್ಪತ್ತೈದನೆಯ ಮೊಳೆಯವರೆಗೆ ಸರಿಯಾಗಿ 12 ಅಂಗುಲ, ಅಂದರೆ 304.8 ಮಿಲಿಮೀಟರು. ಇದು 308ರಷ್ಟಾಗಿದ್ದರೆ ಚೈನು ಸವೆದಿದೆ, ಹಲ್ಲುಗಳನ್ನೂ ಸವೆಸಿರುವ ಸಂಭವವಿದೆ. ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು. ಕೊಳವೆಗಳು ಕೂಡುವ ಕಡೆ ಕೂದಲೆಳೆಯಂಥ ಬಿರುಕು ಕಂಡರೆ ಯಾವ ಬೆಲೆಗೂ ಕೊಳ್ಳಬಾರದು.

ವಾಚಕರು ತಮ್ಮ ಊರಿನ ಏರನ್ನು ತಾವೇ ಅಳೆಯಬಹುದು. ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ನಡುವಿನ ಎತ್ತರ 20 ಮೀಟರು; ನಕ್ಷೆಯ ಒಂದು ಸೆಂಟಿಮೀಟರು ನೆಲದ 500 ಮೀಟರು. ನಿಮ್ಮ ರಸ್ತೆಯು ಒಂದು ರೇಖೆಯಿಂದ ಮುಂದಿನ ರೇಖೆಗೆ 8 ಮಿಲಿಮೀಟರಿನಲ್ಲಿ ದಾಟಿದರೆ, 400 ಮೀಟರಿಗೆ 20 ಮೀಟರು. ಅದು ನಮ್ಮ ಲೆಕ್ಕದ ಏರೇ ಆಯಿತು. 5 ಮಿಲಿಮೀಟರಿನಲ್ಲಿ ದಾಟಿದರೆ ಏರು ನೂರಕ್ಕೆ ಎಂಟು. ಅಂಥ ಏರಿಗೆ ಎಷ್ಟು ಹಲ್ಲುಗಳ ಜೋಡಿ ಬೇಕೆಂಬುದನ್ನು ಮೇಲಿನ ರೀತಿಯಲ್ಲಿಯೇ ಗುಣಿಸಿ, ಉತ್ತರವನ್ನು ಕಾಗದದಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.